ಹತ್ತು ಗಂಟೆಯ ಲಾರಿ

ವಾಷಿಂಗ್ ಮಷೀನಿಗೆ ನಾಲ್ಕು ಕಾಲು. ಅದರಲ್ಲೊಂದು ಕುಂಟಾದರೆ ಮನೆ ಯಜಮಾನನ ಕೆಲಸಕ್ಕೇ ಕುತ್ತು ಬರುತ್ತದೆಂದು ಯಾರು ಎಣಿಸಿದ್ದರು?

ನಮ್ಮ ಗುಮಾಸ್ತನ ಕೆಲಸ ಭೂಕಂಪ ಕಾಯುವ ಆಫೀಸಿನಲ್ಲಿ ಪರದೆಯ ಮುಂದೆ ಕೂರುವುದು. ಬೀದಿಯಡಿ ಹೂತ ಇಂಟರ್ನೆಟ್ ಕೇಬಲ್ಲಿನ ಗಾಜಿನೆಳೆಯಲ್ಲಿ ಬೆಳಕು ಬಿಟ್ಟಿರುತ್ತಾರೆ. ನೆಲ ಅದುರಿದರೆ ಬೆಳಕೂ ಅದುರಿ ಪರದೆಯ ಗೆರೆ ಕುಣಿಯುತ್ತದೆ. ಕುಣಿದಾಗಲೆಲ್ಲ ಕಾರಣವನ್ನು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಮೂರು ತಿಂಗಳಿಂದ ದಿನಾ ಹತ್ತು ಗಂಟೆಗೆ ಕುಣಿಯುತ್ತಿದ್ದುದು ಅವನದೇ ಬೀದಿಯ ಗೆರೆ, ಕುಣಿಸುತ್ತಿದ್ದುದು ಅವನದೇ ಮಷೀನು.

"ಆ ಕಾಲು ಸರಿಮಾಡಿಸ್ರೀ, ಅಡುಗೆಮನೆವರೆಗೂ ನಡ್ಕೊಂಡು ಬರುತ್ತೆ" ಎಂದು ಹೆಂಡತಿ ದಿನಾ ಹೇಳುವಳು. ಅವನು ದಿನಾ "ನಾಳೆ" ಎನ್ನುವನು. ಆಫೀಸಿಗೆ ಬಂದು ಪುಸ್ತಕದಲ್ಲಿ "ಲಾರಿ" ಎಂದು ಬರೆಯುವನು.

ಅಂದು ಮೇಲಧಿಕಾರಿ ಮೇಡಂ ತಪಾಸಣೆಗೆ ಬಂದಿದ್ದರು. ಅವರು ಒಪ್ಪಿದರೆ ಗುಮಾಸ್ತನ ಕೆಲಸ ಕಾಯಂ. ಹತ್ತಕ್ಕೆ ಸರಿಯಾಗಿ ಗೆರೆ, ಚೇಳು ಕುಟುಕಿದ ಕೋತಿಯಂತೆ ಹಾರಿತು.

"ಏನ್ರೀ ಅದು?"

"ಲಾರಿ, ಮೇಡಂ."

ಪಕ್ಕದ ಮೇಜಿನ ಟೈಪಿಸ್ಟು ಕನ್ನಡಕ ಏರಿಸಿದಳು. "ನಿಮ್ಮ ಬೀದಿ ಅಲ್ವೇನಣ್ಣಾ? ಅಲ್ಲಿ ಸೈಕಲ್ಲೇ ತಿರುಗಲ್ಲ, ಲಾರಿ ಎಲ್ಲಿಂದ ನುಗ್ಗಿತು?"

ಮೇಡಂ ಪುಸ್ತಕ ತಿರುವಿದರು. ಪುಟಕ್ಕೆ ಪುಟ ಲಾರಿಯೇ. "ಮೂರು ತಿಂಗಳಿಂದ ಭೂಕಂಪದ ಸೂಚನೆ ಮುಚ್ಚಿಟ್ರಾ? ಒತ್ರೀ ಸೈರನ್!"

ಊರೆಲ್ಲ ಬೀದಿಗೆ ಬಂದಮೇಲೆ ಗುಟ್ಟು ರಟ್ಟಾದರೆ? ಗುಮಾಸ್ತ ಸೈರನ್ನಿನ ಗುಂಡಿಗೆ ಅಡ್ಡ ನಿಂತ. "ಬೇಡಿ ಮೇಡಂ! ಅದು ನಮ್ಮನೆ ವಾಷಿಂಗ್ ಮಷೀನು. ಒಂದು ಕಾಲು ಕುಂಟು."

ಮೇಡಂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಹೋಗ್ಲಿ, ತಡವಾದ್ರೂ ನಿಜ ಹೇಳಿದ್ರಲ್ಲ. ಇವತ್ತಿನದಾದ್ರೂ ಸರಿಯಾಗಿ ಬರೀರಿ. ಕಾಯಂ ಮಾಡೋಣ."

ಅವನು "ವಾಷಿಂಗ್ ಮಷೀನು" ಎಂದು ದುಂಡಗೆ ಬರೆದ. ಮೇಡಂ ಕೆಳಗೆ ಸಹಿ ಹಾಕಿ ಪೆನ್ನು ಮುಚ್ಚಿದರು. ಗುಮಾಸ್ತ ಹೋದ ಜೀವ ಬಂದಂತೆ ಕುರ್ಚಿಯಲ್ಲಿ ಕುಸಿದ.

ಆಗ ಫೋನು ಬಂತು. ಹೆಂಡತಿಯದು ಮೂರು ಮನೆಗೆ ಕೇಳುವ ಗಂಟಲು.

"ರೀ, ನೀವಂತೂ ಸರಿಮಾಡಿಸೋ ಪೈಕಿ ಅಲ್ಲ ಅಂತ ಬೆಳಿಗ್ಗೆ ಎಂಟಕ್ಕೇ ಮಷೀನನ್ನ ರಿಪೇರಿಯವನಿಗೆ ಕೊಟ್ಟು ಕಳಿಸ್ದೆ. ಅದಿರ್ಲಿ, ಹತ್ತು ಗಂಟೆಗೆ ಕಪಾಟಿನ ಲೋಟ ಎಲ್ಲ ಗಲಗಲ ಅಂದ್ವಲ್ಲ! ನೆಲ ನಡುಗಿದ್ದು ನಿಮ್ಮ ಆಫೀಸಿಗೆ ಗೊತ್ತಾಗ್ಲೇ ಇಲ್ವಾ?"

ಮೇಡಂ ಮುಚ್ಚಿದ ಪೆನ್ನನ್ನು ಮತ್ತೆ ತೆರೆದರು.

ಅಷ್ಟರಲ್ಲಿ ಪರದೆಯ ಗೆರೆ ಮತ್ತೆ ಹಾರಿತು; ಗುಮಾಸ್ತನ ಕುರ್ಚಿ, ಅವನನ್ನು ಹೊತ್ತುಕೊಂಡೇ, ಮೆಲ್ಲಗೆ ಬಾಗಿಲ ಕಡೆ ನಡೆಯತೊಡಗಿತು.