ಲಿಫ್ಟ್ ಸಾಹೇಬರ ವೈರ್‌ಲೆಸ್ ಪರಾಕ್ರಮ

ಲಿಫ್ಟ್ ಸಾಹೇಬರಿಗೆ ಆ ಹೆಸರು ಬಂದದ್ದು ಕೆಲಸದಿಂದ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ನಡುವೆಯೇ ನಿಂತು ಒಳಗಿದ್ದವರು ಬೆವರುತ್ತಿರುವಾಗ ಇವರು ಹೋಗಿ ಅಲ್ಲೊಂದು ಇಲ್ಲೊಂದು ಸ್ಕ್ರೂ ತಿರುಗಿಸಿದರೆ ಸಾಕು, ಅದು ಹೇಳಿದ ಮಾತು ಕೇಳುತ್ತಿತ್ತು. ಆದ್ದರಿಂದ ಕರೆಂಟಿನಿಂದ ನಡೆಯುವುದೆಲ್ಲ ತಮ್ಮ ಮಾತು ಕೇಳಲೇಬೇಕೆಂಬುದು ಅವರ ಸಿದ್ಧಾಂತ. (ಮಡದಿ ಕರೆಂಟಿನಿಂದ ನಡೆಯುವವರಲ್ಲವಾದ್ದರಿಂದ ಈ ನಿಯಮಕ್ಕೆ ಒಳಪಟ್ಟಿರಲಿಲ್ಲ.)

ಮಡದಿ ಹೊಲಿಗೆ ಟೀಚರಮ್ಮ. ಆವತ್ತು ಸಂಜೆ ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ಕ್ಲಾಸು; ಅಂಗಿಯ ತೋಳು ಕತ್ತರಿಸುವ ಪಾಠ. ಹೊಸ ಶಿಷ್ಯೆಯರು ಅವರವರ ಮನೆಗಳಲ್ಲಿ ಬಟ್ಟೆ ಹಾಸಿಕೊಂಡು ಕಾದಿದ್ದರು. ಟೀಚರಮ್ಮನ ಫೋನಿಗೆ ನೆಟ್ ಇತ್ತು, ಸಾಹೇಬರ ಅತ್ತೆಯ ಟಿವಿಗೂ ಇತ್ತು. ಲ್ಯಾಪ್‌ಟಾಪು ಮಾತ್ರ ಮುಷ್ಕರ ಹೂಡಿತ್ತು. ಫೋನಿನ ಅಂಗೈಯಗಲದ ಪರದೆಯಲ್ಲಿ ತೋಳೂ ಕಾಣದು, ಹೊಲಿಗೆಯೂ ಕಾಣದು.

ನೆಟ್ ಹಾಕಿಕೊಟ್ಟ ತಮ್ಮನಿಗೆ ಫೋನ್ ಮಾಡುತ್ತೇನೆಂದರು ಟೀಚರಮ್ಮ. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಹಿಂದೊಮ್ಮೆ ಇವರು ನೆಟ್ಟನ್ನು 'ಉತ್ತಮಪಡಿಸಿ', ವಾರಪೂರ್ತಿ ಮನೆಯಲ್ಲಿ ನೆಟ್ಟೇ ಇಲ್ಲದಂತಾದಾಗ ಆ ಭಾವಮೈದುನ ಒಳಗೊಳಗೇ ನಕ್ಕಿದ್ದ.

"ವೈರ್ ಇರೋದನ್ನೇ ಸರಿ ಮಾಡ್ತೀನಿ. ಇದಕ್ಕೆ ವೈರೇ ಇಲ್ಲ. ಅರ್ಧ ಕೆಲಸ ಆಗಲೇ ಮುಗಿದ ಹಾಗೆ ಕಣೆ," ಅಂದರು.

ಮೊದಲು ರೂಟರ್ ಆರಿಸಿ ಹೊತ್ತಿಸಿದರು. ಧಾರಾವಾಹಿ ಕಡಿದುಹೋಗಿ ಅತ್ತೆ ಕೋಣೆಯಿಂದಲೇ ಅಳಿಯನ ವಿದ್ಯೆಯ ಬಗ್ಗೆ ವಿಚಾರಿಸಿದರು. ಆಮೇಲೆ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಸಿಗ್ನಲ್ ಹುಡುಕುತ್ತ ಅಡುಗೆಮನೆ, ಬಾಲ್ಕನಿ ಸುತ್ತಿ ಕೊನೆಗೆ ಬಚ್ಚಲ ಬಾಗಿಲಲ್ಲಿ ನಿಂತರು. ಪ್ರಯೋಜನವಾಗಲಿಲ್ಲ. ಕಡೆಗೆ, ಈ ನೆಟ್‌ವರ್ಕನ್ನು ಮರೆತುಬಿಡು ಎಂಬ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದರು. ಲ್ಯಾಪ್‌ಟಾಪು ತಕ್ಷಣ ಮರೆತುಬಿಟ್ಟಿತು. ಈ ಮನೆಯಲ್ಲಿ ಯಾರೂ ಏನನ್ನೂ ಇಷ್ಟು ಬೇಗ ಮರೆತದ್ದಿಲ್ಲವಲ್ಲ ಎಂದು ಸಾಹೇಬರಿಗೆ ಕೊಂಚ ಸಂತೋಷವೇ ಆಯಿತು.

ಮತ್ತೆ ಪರಿಚಯವಾಗಲು ಅದು ಪಾಸ್‌ವರ್ಡ್ ಕೇಳಿತು. ತಮಗೆ ಗೊತ್ತಿದ್ದುದನ್ನು ಒತ್ತಿದರು. ತಪ್ಪು ಅಂದಿತು. ಜೋರಾಗಿ ಒತ್ತಿದರು. ಆಗಲೂ ತಪ್ಪು.

ಆಗ ಟೀಚರಮ್ಮನಿಗೆ ನೆನಪಾಯಿತು: ಭಾನುವಾರ ತಮ್ಮ ಬಂದಾಗ ಪಾಸ್‌ವರ್ಡ್ ಬದಲಾಯಿಸಿದ್ದ, ಫೋನಿಗೂ ಟಿವಿಗೂ ತಾನೇ ಹಾಕಿಕೊಟ್ಟಿದ್ದ. ಲ್ಯಾಪ್‌ಟಾಪು ಆವತ್ತು ರಿಪೇರಿ ಅಂಗಡಿಯಲ್ಲಿತ್ತು.

"ಇದನ್ನ ಈಗ ಹೇಳ್ತೀಯಾ?"

"ನೀವು ಕೇಳಿದ್ರಾ?"

ಶಿಷ್ಯೆಯರ ಮೆಸೇಜುಗಳು ಬಂದು ಬೀಳುತ್ತಿದ್ದವು. ಬೇರೆ ದಾರಿಯಿಲ್ಲದೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದಾಯಿತು. ಭಾವನ ದನಿ ಕೇಳಿದ್ದೇ ಭಾವಮೈದುನ ತಡವರಿಸಿದ. ಫೋನು ಅಕ್ಕನಿಗೆ ಕೊಡಿ, ಅವಳಿಗೆ ಹೇಳುತ್ತೇನೆ ಅಂದ. ಒತ್ತುವವನು ನಾನು, ನನಗೇ ಹೇಳು ಎಂದು ಸಾಹೇಬರು ಪಟ್ಟು ಹಿಡಿದರು.

"ಎಲ್ಲ ಇಂಗ್ಲಿಷ್ ಅಕ್ಷರ, ಚಿಕ್ಕವು. ಮಧ್ಯೆ ಜಾಗ ಬಿಡಬೇಡಿ," ಎಂದು ಕೆಮ್ಮಿದ. "ಭಾವ... ಮುಟ್ಟ..." ಮಿಕ್ಕದ್ದನ್ನು ನುಂಗಿಕೊಂಡ.

ಟೀಚರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಸಾಹೇಬರು ಮುಖ ಗಂಟಿಕ್ಕಿಕೊಂಡು, 'ಬೇಡ' ಎಂದು ತಾವೇ ಪೂರ್ತಿಮಾಡಿ ಒತ್ತಿದರು. ತಪ್ಪು ಅಂದಿತು.

"ಬೇಡ ಅಲ್ಲ ಭಾವ, ಬೇಡಿ," ಅಂದ ಆತ, ನಿಜಕ್ಕೂ ನೊಂದು. "ನಿಮಗೆ ಏಕವಚನ ಹಾಕ್ತೀನಾ ನಾನು? ಕೊನೇಲಿ ಐ."

ಸಾಹೇಬರು ಐ ಒತ್ತಿದರು. ನೆಟ್ ಬಂತು. ಪರದೆಯ ತುಂಬ ಹೆಂಗಸರ ಮುಖಗಳು ಮೂಡಿದವು.

"ನೋಡಿದ್ಯಾ? ನನ್ನ ಕೈಯಿಂದಲೇ ಆಗಬೇಕಿತ್ತು," ಅಂದರು ಸಾಹೇಬರು.

ಟೀಚರಮ್ಮ ಲ್ಯಾಪ್‌ಟಾಪನ್ನು ಅವರ ಕೈಗೆಟುಕದಷ್ಟು ದೂರಕ್ಕೆ ಎಳೆದುಕೊಂಡು ಕತ್ತರಿ ಎತ್ತಿಕೊಂಡರು.