ಡ್ಯೂರಿಯನ್‌ ಇಲ್ಲದ ತಿಂಗಳುಗಳು

ಕಾಲವಲ್ಲದ ಕಾಲದಲ್ಲಿ ಹಣ್ಣು ಕೇಳುವವರು ಪುಣೆಯ ಸದಾಶಿವ ಪೇಠದ ನನ್ನ ಹಣ್ಣಿನ ಅಂಗಡಿಗೆ ಬರುತ್ತಲೇ ಇರುತ್ತಾರೆ. ನಗು ಬರುತ್ತದೆ. ಒಮ್ಮೊಮ್ಮೆ ನಕ್ಕದ್ದಕ್ಕೆ ಬೇಜಾರೂ ಆಗುತ್ತದೆ.

೧. ಯಾವ ದೇಶದ ತಿಂಗಳು?

ನವೆಂಬರಿನಲ್ಲಿ ಧಾರವಾಡ ಕಡೆಯ ಒಬ್ಬ ಹಿರಿಯರು ಬಂದರು. ಪಿಂಪ್ರಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ನಡುವೆ ಎಂಟು ವರ್ಷ ಹೆಂಡತಿಯೊಂದಿಗೆ ಮಲೇಷ್ಯಾದಲ್ಲಿದ್ದವರು.

"ಡ್ಯೂರಿಯನ್ ಅದ ಏನ್ರಿ?"

ಮೈತುಂಬ ಮುಳ್ಳು, ಕೊಳೆತ ಈರುಳ್ಳಿಯಂಥ ವಾಸನೆ. ಪುಣೆಯಲ್ಲಿ ಅದನ್ನು ಕೇಳಿಕೊಂಡು ಬರುವವರೇ ಅಪರೂಪ.

"ಈಗ ಸಿಗೂದು ಕಷ್ಟ ರೀ. ಥಾಯ್ಲೆಂಡಿನದು ಏಪ್ರಿಲ್‌ಗೆ ಸುರು. ಮಲೇಷ್ಯಾದ್ದು, ನಮ್ಮ ನೀಲಗಿರಿದು ಜೂನ್ ಮ್ಯಾಲೆ. ಚಳಿಗಾಲದಾಗ ಅಂದ್ರ ಸುಮಾತ್ರಾದ್ದಷ್ಟೇ."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಮನ್ಯಾಗಿನಾಕಿಗೆ ಆರಾಮಿಲ್ಲ. ಏನೂ ತಿನ್ನವಲ್ಲಳು, ಇದನ್ನ ಕೇಳ್ತಾಳ. ಡಾಕ್ಟರು ಎರಡು ಮೂರು ತಿಂಗಳು ಅಂದಾರ. ಯಾವ ದೇಶದ ತಿಂಗಳು ಅಂತ ನಾ ಕೇಳಲಿಲ್ಲ ನೋಡ್ರಿ."

೨. ಮುಳ್ಳು ಅದಾವಲ್ಲ!

ಮುಂಬೈಯ ಹೋಲ್‌ಸೇಲ್ ವ್ಯಾಪಾರಿಗೆ ದಿನಾ ಫೋನ್ ಮಾಡಿದೆ. ಡಿಸೆಂಬರಿನಲ್ಲಿ ಪೆಟ್ಟಿಗೆ ಬಂತು. ತೆರೆದರೆ ಹನುಮಾನ್ ಫಲ, ಅಂದರೆ ನಮ್ಮ ಮುಳ್ಳು ರಾಮಫಲ! ಸಿಟ್ಟಿನಿಂದ ಫೋನ್ ಮಾಡಿದೆ. "ಹಿರವಾ ಆಹೇ, ಕಾಟೇ ಆಹೇತ, ಆಣಖೀ ಕಾಯ ಪಾಹಿಜೇ?" ಅಂದ. ಹಸಿರದ, ಮುಳ್ಳದಾವ, ಇನ್ನೇನು ಬೇಕು ಅಂತ!

ಬೇಡವೆಂದರೂ ಎಂಜಿನಿಯರ್ ಅದನ್ನೇ ಒಯ್ದರು. ಮರುದಿನ ಕೇಳಿದೆ, "ತಿಂದ್ರೇನ್ರಿ?"

"ಮೂಸಿ ನೋಡಿ ದೂಡಿಬಿಟ್ಟಳು. 'ಇಷ್ಟು ಚಲೋ ವಾಸನಿ ಇರೂ ಹಣ್ಣು ನನಗ್ಯಾಕ' ಅಂದಳು."

೩. ನಾಚಬೇಡಿ ಕಾಕಾ

ಜನವರಿಯಲ್ಲಿ ಸುಮಾತ್ರಾದ ಹಣ್ಣು ಬಂತು, ಒಂದೇ ಒಂದು. ಎಂಜಿನಿಯರ್ ಕೂಡಲೇ ಓಡಿ ಬಂದರು. ಹಣ್ಣನ್ನು ನಾನೇ ಚೀಲದಲ್ಲಿ ಹಿಡಿದು ರಿಕ್ಷಾದಲ್ಲಿ ಜೊತೆಗೆ ಹೊರಟೆ. ಎರಡನೇ ಸಿಗ್ನಲ್ ದಾಟುವಷ್ಟರಲ್ಲಿ ರಿಕ್ಷಾದವನು ಮೂಗು ಮುಚ್ಚಿ ಗಾಡಿ ನಿಲ್ಲಿಸಿದ. ಎಂಜಿನಿಯರರ ಕಡೆ ತಿರುಗಿ ಬಹಳ ಮೆತ್ತಗೆ, "ಕಾಕಾ, ಲಾಜೂ ನಕಾ. ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಹಿಂಗ ಆಗ್ತದ" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ ಇಬ್ಬರನ್ನೂ ಇಳಿಸಿದ.

ಎಂಜಿನಿಯರ್ ಫುಟ್‌ಪಾತಿನ ಮೇಲೆ ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ನಾನು ಚೀಲ ಹಿಡಿದು ಬೇರೆ ಕಡೆ ನೋಡುತ್ತಾ ನಿಂತೆ. "ನಡೀರಿ, ಹಣ್ಣು ಕೆಡ್ತದ" ಎಂದು ಅವರೇ ಎದ್ದರು. "ಇದು ಕೆಟ್ಟರೂ ಗೊತ್ತಾಗೂದಿಲ್ಲ ರೀ" ಅಂದೆ.

೪. ಸ್ವಲ್ಪ ಕೂಡ್ರಿ

ಆ ತಾಯಿ ಫೆಬ್ರುವರಿಯಲ್ಲಿ ತೀರಿಕೊಂಡರು. ಥಾಯ್ಲೆಂಡಿನ ಹಣ್ಣಿಗೆ ಇನ್ನೂ ಎರಡು ತಿಂಗಳಿತ್ತು. ಆದರೆ ಅವರನ್ನು ನೆನೆದರೆ ನನಗೆ ಕಣ್ಣೆದುರು ಬರುವುದು, ನಾವಿಬ್ಬರೂ ನಡೆದು ಮನೆ ಮುಟ್ಟಿದ ಆ ಮಧ್ಯಾಹ್ನ.

ಹಣ್ಣು ಒಡೆದೆ. ವಾರದಿಂದ ಮಲಗಿದ್ದಾಕೆ ತಾವಾಗಿ ಎದ್ದು ಕೂತರು. ಒಂದು ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎಂಜಿನಿಯರ್ ಉಸಿರು ಬಿಡದೆ ನೋಡುತ್ತಿದ್ದರು. "ಅದೇ ರೀ" ಅಂದರು ಆಕೆ, "ಅದೇ."

ಆಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಪಾರ್ಟ್‌ಮೆಂಟಿನ ಇಡೀ ಸೊಸಾಯಿಟಿಯೇ ನಿಂತಿದೆ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿದ್ದಾರೆ, ಸೆಕ್ರೆಟರಿಯ ಕೈಯಲ್ಲಿ ಹೂವಿನ ಹಾರ. ಎಂಜಿನಿಯರರ ತೇವಗಣ್ಣು ನೋಡಿ ಬಂದವರ ಅನುಮಾನ ಪೂರ್ತಿ ಗಟ್ಟಿಯಾಯಿತು.

"ವಾಸನಿ ಬಂದಾಗಲೇ ತಿಳೀತು," ಎಂದು ಸೆಕ್ರೆಟರಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, "ಯಾವಾಗ ಹೋದರು?"

ನಾವು ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಬಾಯಿತುಂಬ ಹಣ್ಣಿಟ್ಟುಕೊಂಡ ದನಿ ಬಂತು:

"ಎಲ್ಲಾರಿಗೂ ಸ್ವಲ್ಪ ಕೂಡಲಿಕ್ಕೆ ಹೇಳ್ರಿ. ಈ ತೊಳಿ ಮುಗಿಸಿ ಹೋಗ್ತೀನಿ!"