ಜಪಾನಿನ ಕೊಕ್ಕರೆಯೂ ಕೆಂಪರಾಜುವಿನ ಕೋಟೂ

ಹೆಂಡತಿಗೆ ಸಹಾಯ ಮಾಡಬೇಕೆಂಬ ಸದ್ಬುದ್ಧಿ ಕೆಂಪರಾಜುವಿಗೆ ಬಂದದ್ದು ಒಂದು ಭಾನುವಾರ, ಎರಡನೇ ಲೋಟ ಕಾಫಿ ಮುಗಿದ ಮೇಲೆ. ಅಲ್ಲಿಯವರೆಗೆ ಮಳವಳ್ಳಿಯ ಆ ಮನೆಯಲ್ಲಿ ಸಂಸಾರ ಸುಖವಾಗಿಯೇ ಇತ್ತು.

ಹೆಂಡತಿ ಶಶಿರೇಖಾ ಕಲಾವಿದೆ. ಬಣ್ಣ, ಕುಂಚದ ಗೊಡವೆ ಅವಳಿಗಿಲ್ಲ; ಅವಳದೆಲ್ಲ ಉಣ್ಣೆ. ಉಣ್ಣೆಯ ಎಳೆಗಳನ್ನು ಪದರ ಪದರವಾಗಿ ಹಾಸಿ, ಸೋಪಿನ ನೀರು ಚಿಮುಕಿಸಿ, ಉಜ್ಜಿ, ಉರುಳಿಸಿ, ಮಗ್ಗದ ಹಂಗಿಲ್ಲದೆ ದಪ್ಪ ಬಟ್ಟೆ ಮಾಡುತ್ತಾಳೆ. ಅದಕ್ಕೆ ಫೆಲ್ಟ್ ಎಂದು ಹೆಸರು. (ಕುರಿಯ ಮೈಮೇಲಿನದಕ್ಕೂ ಬೆಲೆಯಿದೆ ಎಂದು ಕೆಂಪರಾಜುವಿಗೆ ಗೊತ್ತಾದದ್ದು ಮದುವೆಯ ನಂತರ. ಬಂಡೂರು ಕುರಿಯ ಸೀಮೆಯಲ್ಲಿ ಹುಟ್ಟಿದ ಅವನಿಗೆ ಅಲ್ಲಿಯವರೆಗೆ ಆಸಕ್ತಿಯೆಲ್ಲ ಒಳಗಿನದರಲ್ಲಿತ್ತು.)

ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಜಪಾನಿನ ಗೆಳತಿಯೊಬ್ಬಳು ತನ್ನ ಅಜ್ಜಿಯ ಕಾಲದ ಕಿಮೊನೊ ಬಟ್ಟೆಗಳನ್ನು ಅವಳಿಗೆ ಪಾರ್ಸೆಲ್ ಕಳಿಸಿದ್ದಳು. ನೀಲಿ ರೇಷ್ಮೆಯ ತುಂಬ ರೆಕ್ಕೆ ಬಿಚ್ಚಿದ ಕೊಕ್ಕರೆಗಳು. ಅವನ್ನು ಕತ್ತರಿಸಿ ಫೆಲ್ಟಿನ ಮೇಲೆ ಹೊಲಿದು, ಗೋಡೆಗೆ ತೂಗುಹಾಕಲು ಮಂಚದಗಲದ ಕಲಾಕೃತಿಯೊಂದನ್ನು ಶಶಿರೇಖಾ ಸಿದ್ಧಮಾಡಿದ್ದಳು. ಮುಂದಿನ ವಾರ ಅದು ಮಂಡ್ಯದ ಪ್ರದರ್ಶನಕ್ಕೆ ಹೋಗಬೇಕು. ಅವಳ ಮೊದಲ ಪ್ರದರ್ಶನ.

"ಕೊಕ್ರೆನ ಜಪಾನಿಂದ ತರುಸ್ಬೇಕಾಗಿತ್ತಾ? ಇಲ್ಲೇ ಬೆಳ್ಳೂರಲ್ಲಿ ಮರದ ತುಂಬ ಕೂತಿರ್ತಾವಲ್ಲ," ಎಂದಿದ್ದರು ಕೆಂಪರಾಜುವಿನ ತಾಯಿ ಶಿವನಂಜಮ್ಮ.

ಆ ಭಾನುವಾರ ಶಶಿರೇಖಾ ಮದ್ದೂರಿನ ಅಕ್ಕನ ಮನೆಗೆ ಹೊರಟಳು. "ಅದ್ರಲ್ಲಿ ಇನ್ನೂ ಸೋಪು ಉಳಿದದೆ. ಬಂದು ತಣ್ಣೀರಲ್ಲಿ ಜಾಲಾಡ್ತೀನಿ. ನೀವು ಮುಟ್ಬ್ಯಾಡಿ ಕಣ್ರೀ," ಎಂದಳು. ಕೆಂಪರಾಜು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಸೋಪು ಉಳಿದಿದೆ ಎಂಬುದಷ್ಟೇ ಅವನ ಕಿವಿಗೆ ಬಿತ್ತು.

ಪಾಪ, ಅವಳೊಬ್ಬಳೇ ಎಷ್ಟು ಒದ್ದಾಡುತ್ತಾಳೆ! ಕೆಂಪರಾಜು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ತೋಳಿನಲ್ಲಿ ಶಕ್ತಿಗೆ ಕೊರತೆಯಿಲ್ಲ. ಹಂಡೆಯಲ್ಲಿ ನೀರು ಕುದಿಸಿ, ಕಲಾಕೃತಿಯನ್ನು ಅದ್ದಿ, ಒಗೆಯುವ ಕಲ್ಲಿನ ಮೇಲೆ ಪ್ರಕ್ಷಾಳನ ಕಾರ್ಯ ಆರಂಭಿಸಿದ. ಹೆಂಡತಿಯ ಮೇಲಿನ ಪ್ರೀತಿ ಉಕ್ಕಿದಷ್ಟೂ ಬಡಿತ ಜೋರಾಯಿತು. ಕೊನೆಗೆ ಹರಡಿ ನೋಡಿದರೆ, ಮಂಚದಗಲದ್ದು ತೊಟ್ಟಿಲಿಗೆ ಹಾಸುವಷ್ಟಾಗಿತ್ತು! ಉಣ್ಣೆ ಕುಗ್ಗಿತ್ತು, ರೇಷ್ಮೆ ಕುಗ್ಗಿರಲಿಲ್ಲ. ಹಾರುತ್ತಿದ್ದ ಕೊಕ್ಕರೆಗಳೆಲ್ಲ ಬೆನ್ನುಬ್ಬಿಸಿಕೊಂಡು ಕಾವಿಗೆ ಕೂತ ಕೋಳಿಗಳಂತಾಗಿದ್ದವು.

"ಅವ್ವಾ, ಬೇಗ ಬಾ! ಒಂದ್ಕಡೆ ಇಡ್ಕೊ!"

ತಾಯಿ ಒಂದು ತುದಿ, ಮಗ ಒಂದು ತುದಿ. ಸಾಲದೆಂದು ಪಕ್ಕದ ಮನೆಯ ಪುಟ್ಟಸ್ವಾಮಿಯೂ ಬಂದು ಕೈಹಾಕಿದ. ಫೆಲ್ಟು ಒಂದಂಗುಲವೂ ಜಗ್ಗಲಿಲ್ಲ. ಶಿವನಂಜಮ್ಮನ ಸೊಂಟ ಹಿಡಿದುಕೊಂಡಿತು.

"ಇನ್ನೂ ಕುರಿ ಮೈಮ್ಯಾಲೇ ಇದ್ದಿದ್ರೆ ಒಸಿ ಮೇಯ್ಸಿ ದೊಡ್ಡದು ಮಾಡ್ಬೋದಿತ್ತು ಕಣ್ಲಾ," ಎಂದು ಪುಟ್ಟಸ್ವಾಮಿ ಮರುಗಿ ಹೊರಟುಹೋದ.

ಸಂಜೆಯ ಹೊತ್ತಿಗೆ ಕೆಂಪರಾಜು ಒಂದು ಸುಳ್ಳನ್ನು ಹೊಸೆದಿಟ್ಟಿದ್ದ. (ಅದರಲ್ಲಿ ಕೋತಿಯೊಂದರ ಪಾತ್ರ ದೊಡ್ಡದಿತ್ತು.) ಆದರೆ ಶಶಿರೇಖಾ ಬರುವಾಗ ಶಿವನಂಜಮ್ಮ ಸಾಕ್ಷ್ಯವನ್ನೇ ಸೊಂಟಕ್ಕೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು.

"ನಿನ್ ಗಂಡ ಬಿಸ್ನೀರಲ್ಲಿ ಒಗ್ದು ಆಳ್ ಮಾಡ್ಬುಟ್ಟ ಕಣವ್ವ. ಆದ್ರೂ ನನ್ ಸೊಂಟಕ್ಕೆ ಏಳಿ ಮಾಡಿಸ್ದಂಗದೆ. ನಾನಂತೂ ಬಿಚ್ಚಾಕಿಲ್ಲ."

ಶಶಿರೇಖಾ ಉಬ್ಬಿದ ಕೊಕ್ಕರೆಯೊಂದನ್ನು ಬೆರಳಿನಿಂದ ಮೆಲ್ಲಗೆ ಸವರಿದಳು, ಕಣ್ಣು ತುಂಬಿಕೊಂಡಿತು. ಬೈದಿದ್ದರೆ ಕೆಂಪರಾಜು ತಡೆದುಕೊಳ್ಳುತ್ತಿದ್ದ. "ನಂದೇ ತಪ್ಪು ರೇಖಾ. ಏನ್ ಬೇಕಾದ್ರೂ ಕೇಳು, ಕೊಟ್ಬುಡ್ತೀನಿ," ಎಂದುಬಿಟ್ಟ.

ಗಂಡಂದಿರು ಇಂಥ ವರ ಕೊಡುವ ಮುನ್ನ ಬೀರುವಿನಲ್ಲಿ ಏನೇನಿದೆ ಎಂದು ಒಮ್ಮೆ ನೆನೆಯಬೇಕು.

ಒಳಗೆ ಹೋದ ಶಶಿರೇಖಾ ಹೊರಗೆ ಬಂದಾಗ ಕೈಯಲ್ಲಿ ಅವನ ಮದುವೆಯ ಕೋಟಿತ್ತು. ಅಪ್ಪಟ ಉಣ್ಣೆಯದು. ಅದರ ಗುಂಡಿಗೂ ಕಾಜಕ್ಕೂ ಎಷ್ಟೋ ವರ್ಷದಿಂದ ಭೇಟಿಯಿರಲಿಲ್ಲ. ಆದರೂ ಹೊಟ್ಟೆ ಇಳಿದ ಮೇಲೆ ಹಾಕುತ್ತೇನೆಂದು ಕೆಂಪರಾಜು ಅದನ್ನು ಜೋಪಾನ ಮಾಡಿದ್ದ.

"ನೀರು ಕಾಯ್ಸಿ," ಎಂದಳು.

"ರೇಖಾ, ಅದು ನಮ್ ಮದ್ವೆ ಕೋಟು..."

"ಗೊತ್ತು. ಬೆಳಗ್ಗೆ ಬಡಿದಂಗೇ ಬಡೀರಿ."

ತನ್ನ ಕೋಟನ್ನು ತಾನೇ ಬಡಿಯುತ್ತ ಕೆಂಪರಾಜು ಸುಸ್ತಾದ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಶಶಿರೇಖಾ ಪಕ್ಕದಲ್ಲಿ ಕೂತು ಕೊಬ್ಬರಿ ಎಣ್ಣೆ ಸವರಿದಳು.

"ನೋಯ್ತದಾ?"

"ಇಲ್ಲ," ಎಂದ, ಗಂಡಸುತನದಿಂದ.

"ಅಂಗಾದ್ರೆ ಇನ್ನೊಂದ್ಸಲ ಅದ್ದಿ."

ಮಂಡ್ಯದ ಪ್ರದರ್ಶನದಲ್ಲಿ ಆ ಕೋಟು ಐದು ವರ್ಷದ ಹುಡುಗನಿಗಾಗುವಷ್ಟು ಚಿಕ್ಕದಾಗಿ ತೂಗುತ್ತಿತ್ತು. ಉಳಿದಿದ್ದ ಕಿಮೊನೊ ತುಂಡುಗಳಿಂದ ಅದರ ಬೆನ್ನಿಗೊಂದು ಕೊಕ್ಕರೆ, ಜೇಬಿಗೊಂದು ಹೂಗೊಂಚಲು. ಜನ ಅದರ ಮುಂದೆಯೇ ಗುಂಪುಗೂಡಿದರು. ಕೆಂಪರಾಜುವಿಗೆ ಕೋಟಿನ ದುಃಖ ಮರೆತೇಹೋಯಿತು. ಎದೆಯುಬ್ಬಿಸಿ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ, "ನಂದೇ ಕೋಟು. ಮದ್ವೇಲಿ ಆಕಿದ್ದು," ಎಂದು ಹೇಳತೊಡಗಿದ.

ಬೆಸಗರಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ಕನ್ನಡಕ ಏರಿಸಿ ಕೋಟನ್ನು ನೋಡಿದರು. ಆಮೇಲೆ ಕೆಂಪರಾಜುವಿನ ಹೊಟ್ಟೆ ನೋಡಿದರು. ಆಮೇಲೆ ಶಶಿರೇಖಾಳ ಕಡೆ ತಿರುಗಿದರು.

"ಅಯ್ಯೋ ಸಿವನೆ! ಇಷ್ಟು ಚಿಕ್ ಮಗೀಗೆ ಮದ್ವೆ ಮಾಡ್ಬುಟ್ಟಿದ್ರಾ?"

ಶಶಿರೇಖಾ ಗಂಡನ ಬೊಬ್ಬೆಯೆದ್ದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಊಂ ಕಣಜ್ಜಿ," ಎಂದಳು. "ಅವತ್ತಿಂದ ನಾನೇ ಸಾಕ್ತಾ ಇವ್ನಿ."